ತಲೆಮಾರಿನ ಹಣೆಪಟ್ಟಿ

'ಮಿಲೆನಿಯಲ್', 'ಜೆನ್ ಝೀ' ಎಂಬ ಹೆಸರುಗಳು ಈಗ ನಮ್ಮ ಮನೆಗಳಲ್ಲಿಯೂ ಕೇಳಿಬರುತ್ತಿವೆ. ಇವಕ್ಕೆ ಹಿರಿಯಣ್ಣನಂತಿರುವ 'ಬೇಬಿ ಬೂಮರ್' ಎಂಬುದು ಅಮೆರಿಕದ ಲೆಕ್ಕ: ಎರಡನೆಯ ಮಹಾಯುದ್ಧದ ತರುವಾಯ ಅಲ್ಲಿ ಏರಿದ ಜನನಪ್ರಮಾಣವನ್ನು ಅನುಸರಿಸಿ 1946ರಿಂದ 1964ರವರೆಗೆ ಜನಿಸಿದವರಿಗೆ ಆ ಹೆಸರು. ಆ ಅಳತೆಗೋಲು ಮಾಟುಂಗಾಕ್ಕಾಗಲಿ ಡೊಂಬಿವಲಿಗಾಗಲಿ ಹೊಂದುವುದೆಂತು?

ಮುಂಬಯಿ ಕನ್ನಡಿಗರನ್ನು ವಿಂಗಡಿಸಿದ ಸಂಗತಿಗಳೇ ಬೇರೆ. ಹಗಲು ಹೋಟೆಲಿನಲ್ಲಿ ದುಡಿದು ಇರುಳು ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು ಒಂದು ಬಗೆ. 1969ರ ಜುಲೈಯಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡು ಶಾಖೆಗಳು ಹೆಚ್ಚಿದಾಗ ಗುಮಾಸ್ತರಾದವರು ಇನ್ನೊಂದು. 1982ರ ಗಿರಣಿ ಮುಷ್ಕರದಲ್ಲಿ ಕೆಲಸ ಕಳೆದುಕೊಂಡವರು ಮತ್ತೊಂದು. ಇವರೆಲ್ಲರೂ ಒಂದೇ ವರ್ಷದಲ್ಲಿ ಹುಟ್ಟಿದವರಾಗಿರಬಹುದು.

ಹಾಗೆಂದು ಕಾಲದ ಗೆರೆಯೇ ನಿರರ್ಥಕವೆನ್ನಲಾಗದು. 2010ರ ಏಪ್ರಿಲ್ 1ರಿಂದ ಈಚೆಗೆ ಸರಕಾರಿ ಬ್ಯಾಂಕು ಸೇರಿದವರಿಗೆ ಹಳೆಯ ನಿಶ್ಚಿತ ಪಿಂಚಣಿಯಿಲ್ಲ. ತಮ್ಮ ವೇತನದ ಕಡಿತ ಹಾಗೂ ಬ್ಯಾಂಕಿನ ವಂತಿಗೆ ಕೂಡಿದ ನಿಧಿ ಬೆಳೆದಷ್ಟೇ ಅವರ ಪಾಲು. ಅಕ್ಕಪಕ್ಕದ ಕೌಂಟರಿನಲ್ಲಿ ಕುಳಿತ ಇಬ್ಬರ ಮುಪ್ಪು ಹೀಗೆ ಬೇರೆಬೇರೆ. ಕಿರಿಯವನು ಮ್ಯೂಚುವಲ್ ಫಂಡಿನ ಮಾತೆತ್ತಿದೊಡನೆ 'ಈ ಕಾಲದ ಹುಡುಗರಿಗೆ ಹಣದ್ದೇ ಧ್ಯಾನ' ಎನ್ನುವ ಹಿರಿಯರನ್ನು ಕಂಡಿದ್ದೇನೆ. (ಅವರ ಪಿಂಚಣಿ ತಿಂಗಳು ತಿಂಗಳು ತಪ್ಪದೆ ಜಮೆಯಾಗುತ್ತದೆ!) ಅದು ಹುಡುಗರ ಸ್ವಭಾವವಲ್ಲ, ನಿಯಮದ ಫಲ.

ಆರೋಗ್ಯದ ವಿಷಯದಲ್ಲಿ ಹಣೆಪಟ್ಟಿ ಇನ್ನೂ ಅಪಾಯಕರ. ಮಧುಮೇಹ, ರಕ್ತದೊತ್ತಡಗಳು ಹಿರಿಯ ತಲೆಮಾರಿನ ರೋಗಗಳೆಂದು ತಿಳಿದು, ವಿರಾರ್ ಲೋಕಲಿನಲ್ಲಿ ದಿನಕ್ಕೆ ಮೂರು ತಾಸು ಕಳೆದು ಹೊತ್ತಲ್ಲದ ಹೊತ್ತಿನಲ್ಲಿ ಉಣ್ಣುವ ತರುಣರು ಪರೀಕ್ಷೆಯನ್ನು ಮುಂದೂಡುತ್ತಾರೆ. ನಮ್ಮ ದೇಶದ ಸರಕಾರಿ ಆರೋಗ್ಯ ತಪಾಸಣಾ ಕಾರ್ಯಕ್ರಮವಾದರೋ ಇವುಗಳ ಪರೀಕ್ಷೆಯನ್ನು 30ನೆಯ ವಯಸ್ಸಿನಿಂದಲೇ ಆರಂಭಿಸುತ್ತದೆ.