ಇಂಗ್ಲಿಷ್ ಪಿರಿಯಡ್‌ನಲ್ಲಿ ವಾಟ್ಸಾಪ್ ಓದೋಣ

ನಮ್ಮ ತ್ಯಾಮಗೊಂಡ್ಲು ಸುತ್ತಿನ ಹೈಸ್ಕೂಲು ಶಿಕ್ಷಕರಲ್ಲಿ ನಾವು ಕೇಳಿಕೊಳ್ಳುವುದು ಇಷ್ಟೆ. ಆಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್ ಪಾಠ ಹೇಗೂ ಮಾಡುತ್ತೀರಿ. ಒಂದು ದಿನ ಬೋರ್ಡಿನ ಮೇಲೆ ‘ತ್ರೀ ಚಿಲ್ಡ್ರನ್ ವರ್ ಕಿಡ್ನ್ಯಾಪ್ಡ್’ ಅಂತ ಬರೆದು, ಆಕ್ಟಿವ್ ಮಾಡಿ ಅನ್ನಿ. ಮಕ್ಕಳು ತಡವರಿಸುತ್ತಾರೆ. ಕದ್ದವರು ಯಾರು? ವಾಕ್ಯದಲ್ಲೇ ಇಲ್ಲ! ಯಾವ ಊರು, ಯಾವ ದಿನ, ಕಂಡವರು ಯಾರು? ಅದೂ ಇಲ್ಲ.

ಇದು ಬರೀ ವ್ಯಾಕರಣವಲ್ಲ. 2018ರಲ್ಲಿ ಬೈಕಿನವರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ರಕ್ಷಣೆಗಾಗಿ ಮಾಡಿದ ಜಾಗೃತಿ ಚಿತ್ರ. ಕೊನೆಗೆ ಬೈಕಿನವರೇ ಮಗುವನ್ನು ವಾಪಸ್ ಬಿಟ್ಟು ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಭಾಗವನ್ನೇ ಯಾರೋ ಕತ್ತರಿಸಿದ್ದರು. ಅದೇ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಯುವಕ ಸತ್ತ. ಅವನ ಜೊತೆಯವರು ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದರು, ಅಷ್ಟೆ.

ಸಿಲೆಬಸ್ ಮುಗಿಸುವ ಅವಸರದಲ್ಲಿ ಇದೆಲ್ಲಿಂದ ಬಂತು ಅಂತ ಕೇಳಬಹುದು. ಬೇರೆ ಪಿರಿಯಡ್ ಬೇಡ, ತರಗತಿಗೆ ಮೊಬೈಲೂ ಬೇಡ. ಹದಿನೈದು ದಿನಕ್ಕೊಂದು ಫಾರ್ವರ್ಡ್ ಮೆಸೇಜನ್ನು ಮಕ್ಕಳು ನೋಟ್‌ಬುಕ್ಕಿನಲ್ಲಿ ಇಂಗ್ಲಿಷಿಗೆ ತರಲಿ. ‘ಅಂತೆ’ ಇರುವ ಕಡೆಯೆಲ್ಲ ಹೇಳಿದವರು ಯಾರು ಅಂತ ಹುಡುಕಲಿ. ರಿಪೋರ್ಟೆಡ್ ಸ್ಪೀಚ್ ಅಲ್ಲೇ ಕಲಿತಂತಾಯಿತು. ವಿಡಿಯೊ ಆದರೆ, ಇದಕ್ಕೆ ಮುಂಚೆ ಏನಿತ್ತು, ಆಮೇಲೆ ಏನಾಯಿತು ಅಂತ ಎರಡು ಸಾಲು ಬರೆಸಿ.

ಕಳಿಸಿದವರ ಹೆಸರನ್ನು ಮಾತ್ರ ಬೋರ್ಡಿಗೆ ಹಾಕಬೇಡಿ. ಯಾವುದೋ ಮಗುವಿನ ಅಪ್ಪನೇ ಇರಬಹುದು.