ಒಂಟಿ ಮಸೂರದ ಪಾಠ

ನಮ್ಮ ಮನೆಯ ಮರದ ಪೆಟ್ಟಿಗೆಯಲ್ಲಿ ಹಳೆಯ ಕ್ಯಾಮೆರಾ ಒಂದಿದೆ. ಅದರ ಹೆಸರು ಆಗ್ಫಾ ಕ್ಲಿಕ್ 3. ಭಾರತದಲ್ಲಿಯೇ ತಯಾರಾದ ಈ ಕ್ಯಾಮೆರಾ ಒಂದು ಕಾಲದಲ್ಲಿ ಅನೇಕ ಮನೆಗಳ ಮದುವೆ, ಮುಂಜಿ, ಪ್ರವಾಸಗಳಿಗೆ ಸಾಕ್ಷಿಯಾಗಿತ್ತು. ಚಿಕ್ಕಪ್ಪನವರು ಕೊಂಡಿದ್ದ ಅದನ್ನು ನಾನು ಮೊದಲು ಕೈಯಲ್ಲಿ ಹಿಡಿದದ್ದು 1974ರಲ್ಲಿ. ಆಗ ನಾನು ಒಂಬತ್ತನೆಯ ತರಗತಿಯ ವಿದ್ಯಾರ್ಥಿ.

ಬೆಲೆಬಾಳುವ ಕ್ಯಾಮೆರಾಗಳಲ್ಲಿ ಹಲವು ಮಸೂರಗಳನ್ನು ಒಂದರ ಹಿಂದೊಂದು ಜೋಡಿಸಿರುತ್ತಾರೆ. ಇದರಲ್ಲಿರುವುದು ಒಂದೇ ಮಸೂರ. ಅದರ ಒಂದು ಮಗ್ಗುಲು ಉಬ್ಬು, ಇನ್ನೊಂದು ಮಗ್ಗುಲು ತಗ್ಗು. ಪಕ್ಕದಿಂದ ನೋಡಿದರೆ ಬಿದಿಗೆಯ ಚಂದ್ರನಂತೆ ಕಾಣುವ ಈ ಬಗೆಯ ಮಸೂರಕ್ಕೆ ಮೆನಿಸ್ಕಸ್ ಎಂದು ಹೆಸರು. ಛಾಯಾಗ್ರಹಣವು ಹುಟ್ಟುವ ಮೊದಲೇ, 1812ರಲ್ಲಿ, ಇಂಗ್ಲೆಂಡಿನ ವಿಜ್ಞಾನಿ ವುಲಾಸ್ಟನ್ ಇದರ ಗುಣವನ್ನು ಕಂಡುಕೊಂಡನು. ತಗ್ಗಿನ ಮಗ್ಗುಲನ್ನು ದೃಶ್ಯದ ಕಡೆಗೆ ತಿರುಗಿಸಿದರೆ ಕತ್ತಲೆಪೆಟ್ಟಿಗೆಯೊಳಗೆ ಬಿಂಬವು ಹೆಚ್ಚು ಸ್ಪಷ್ಟವಾಗಿ ಮೂಡುವುದೆಂದು ಅವನು ತೋರಿಸಿದನು. 1900ರಲ್ಲಿ ಅಮೆರಿಕದಲ್ಲಿ ಒಂದು ಡಾಲರಿಗೆ ಮಾರಾಟವಾದ ಬ್ರೌನಿ ಕ್ಯಾಮೆರಾದಲ್ಲಿಯೂ ಇದ್ದದ್ದು ಇಂತಹ ಮಸೂರವೇ. ಛಾಯಾಚಿತ್ರವು ಸಾಮಾನ್ಯರ ಕೈಗೆಟುಕಿದ್ದು ಹೀಗೆ.

ಒಂಟಿ ಮಸೂರಕ್ಕೆ ಮಿತಿಗಳುಂಟು. ನಡುವಿನ ಕಿರಣಗಳೂ ಅಂಚಿನ ಕಿರಣಗಳೂ ಒಂದೇ ಸಮತಲದಲ್ಲಿ ಕೂಡುವುದಿಲ್ಲ. ಆದುದರಿಂದ ಚಿತ್ರದ ನಡುಭಾಗ ನಿಚ್ಚಳವಾಗಿಯೂ ಅಂಚು ತುಸು ಮಸುಕಾಗಿಯೂ ಇರುತ್ತದೆ. ಮೇಲಾಗಿ ಮಸೂರ ಸ್ಥಿರವಾದುದು; ಹಿಂದಕ್ಕೂ ಮುಂದಕ್ಕೂ ಸರಿಯದು. ತೀರ ಹತ್ತಿರದವರ ಮುಖ ಮಂಕಾಗುವುದರಿಂದ, ಸರಿಯಬೇಕಾದವರು ನಾವೇ.

ಒಂದು ಸುರುಳಿ ಫಿಲ್ಮಿನಲ್ಲಿ ಹನ್ನೆರಡೇ ಚಿತ್ರಗಳು. ನೆರಳಿನಲ್ಲಿ ನಿಂತು ಫಿಲ್ಮು ಹಾಕಬೇಕು. ಸೂರ್ಯನಿಗೆ ಬೆನ್ನು ಮಾಡಿ, ಉಸಿರು ಬಿಗಿಹಿಡಿದು ಗುಂಡಿ ಒತ್ತಬೇಕು. ಬಳಿಕ ಹಿಂಬದಿಯ ಕೆಂಪು ಕಿಂಡಿಯಲ್ಲಿ ಮುಂದಿನ ಅಂಕಿ ಕಾಣುವವರೆಗೆ ಫಿಲ್ಮನ್ನು ತಿರುಗಿಸಬೇಕು. ಮರೆತರೆ ಒಂದು ಚಿತ್ರದ ಮೇಲೆ ಇನ್ನೊಂದು ಚಿತ್ರ ಬೀಳುತ್ತದೆ.

ಆ ವರ್ಷದ ಬಲಿಪಾಡ್ಯಮಿಯ ದಿನ ಚಿಕ್ಕಪ್ಪನವರು ಕ್ಯಾಮೆರಾವನ್ನು ನನ್ನ ಕೈಗಿತ್ತರು. ಅಜ್ಜಿಯ ಚಿತ್ರ ಅದುವರೆಗೆ ಒಂದೂ ಇರಲಿಲ್ಲ. ಆಕೆ ಪೆಟ್ಟಿಗೆಯಲ್ಲಿದ್ದ ಸೀರೆಯನ್ನುಟ್ಟು, ತಲೆ ಬಾಚಿಕೊಂಡು, ಅಂಗಳದ ಬಿಸಿಲಿನಲ್ಲಿ ಕೈಜೋಡಿಸಿ ಕುಳಿತಳು. ಚಿತ್ರ ತೆಗೆದೆ. ಅಷ್ಟರಲ್ಲಿ ಸಿಂಗರಿಸಿದ ಹಸುಗಳು ಕೊಟ್ಟಿಗೆಯಿಂದ ಹೊರಬಂದವು. ಓಡಿದೆ, ಗುಂಡಿ ಒತ್ತಿದೆ. ಕೆಂಪು ಕಿಂಡಿಯ ನೆನಪೇ ಆಗಲಿಲ್ಲ.

ಪಟ್ಟಣದ ಸ್ಟುಡಿಯೋದಿಂದ ಚಿತ್ರಗಳು ಬಂದಾಗ ಅಜ್ಜಿಯ ಮುಖದ ಮೇಲೆ ಹಸುವಿನ ಕೊಂಬುಗಳು ಹಾದುಹೋಗಿದ್ದವು. ಜೋಡಿಸಿದ ಕೈಗಳು ಮಾತ್ರ ಸ್ಪಷ್ಟವಾಗಿದ್ದವು. ಅಜ್ಜಿ ನೋಡಿ ನಕ್ಕು, "ಲಕ್ಷ್ಮಿಯೂ ಜೊತೆಗೆ ಬಂದಳಲ್ಲ, ಇರಲಿ ಬಿಡು ಮಗು" ಎಂದಳು. ಚಿಕ್ಕಪ್ಪನವರು ಗದರಲಿಲ್ಲ. "ಕ್ಯಾಮೆರಾ ಏನನ್ನೂ ಮರೆಯಲಿಲ್ಲ ಕಣೋ, ಮರೆತವನು ನೀನು" ಎಂದಷ್ಟೇ ಹೇಳಿದರು. ಮತ್ತೊಂದು ಸುರುಳಿ ಕೊಳ್ಳುವ ಮೊದಲೇ, ಮಾಘ ಮಾಸದಲ್ಲಿ, ಅಜ್ಜಿ ತೀರಿಕೊಂಡಳು.

ಆ ಚಿತ್ರ ಇಂದಿಗೂ ನನ್ನಲ್ಲಿದೆ. ಈಗ ಕ್ಷಣಕ್ಕೆ ನೂರು ಚಿತ್ರ ತೆಗೆದು ಬೇಡವಾದುದನ್ನು ಅಳಿಸಬಹುದು. ಆ ಅನುಕೂಲವನ್ನು ನಾನು ಹಳಿಯುವುದಿಲ್ಲ. ಅದು ಅಂದು ಇದ್ದಿದ್ದರೆ ಅಜ್ಜಿಯ ಮುಖ ಉಳಿಯುತ್ತಿತ್ತು. ಆದರೆ ಒಂದು ಕೆಲಸವನ್ನು ಪೂರ್ತಿ ಮುಗಿಸಿಯೇ ಇನ್ನೊಂದಕ್ಕೆ ಕೈಹಾಕಬೇಕೆಂಬುದನ್ನು ನನಗೆ ಕಲಿಸಿದ್ದು ಆ ಕೆಂಪು ಕಿಂಡಿ.

ಅಭ್ಯಾಸ

1. ಮೆನಿಸ್ಕಸ್ ಮಸೂರದ ಆಕಾರವನ್ನು ವರ್ಣಿಸಿರಿ.
2. ಒಂಟಿ ಮಸೂರದ ಮಿತಿಗಳಾವುವು?
3. "ಮರೆತವನು ನೀನು" – ಈ ಮಾತಿನ ಸಂದರ್ಭವನ್ನು ವಿವರಿಸಿರಿ.