ತಿಪಟೂರಿನಲ್ಲಿ 'ಜಿ' ಎಷ್ಟು?

ಪ್ರಶ್ನೆ: ನಾನು ಬಿ.ಎಸ್ಸಿ. ಮೊದಲ ಸೆಮಿಸ್ಟರ್‌ನಲ್ಲಿದ್ದೇನೆ. ಬಾರ್ ಪೆಂಡುಲಮ್ ಪ್ರಯೋಗದಲ್ಲಿ ನನಗೆ 'ಜಿ' ಬೆಲೆ 9.77 ಬಂತು. ಪಕ್ಕದ ಬೆಂಚಿನವರೆಲ್ಲ ರೆಕಾರ್ಡಿನಲ್ಲಿ 9.81 ಬರೆದಿದ್ದಾರೆ, ನೀನೂ ತಿದ್ದಿಕೋ ಎನ್ನುತ್ತಾರೆ. ಪಿಯುಸಿಯಲ್ಲೂ ಇದನ್ನೇ ಕಂಡುಹಿಡಿದಿದ್ದೆವು. ಎಲ್ಲರಿಗೂ ಗೊತ್ತಿರುವ ಉತ್ತರವನ್ನು ಡಿಗ್ರಿಗೆ ಬಂದು ಮತ್ತೆ ಕಂಡುಹಿಡಿಯುವುದು ಯಾಕೆ?
– ಒಬ್ಬ ವಿದ್ಯಾರ್ಥಿನಿ, ತಿಪಟೂರು

ಉತ್ತರ: ತಿದ್ದಬೇಡಿ. ಇದನ್ನು ಮೊದಲು ಹೇಳಿಬಿಡುತ್ತೇನೆ, ಕಾರಣ ಆಮೇಲೆ.

ನಿಮ್ಮ ಪಕ್ಕದ ಬೆಂಚಿನವರು ಬರೆದಿರುವುದು ತಿಪಟೂರಿನ 'ಜಿ' ಅಲ್ಲ, ಪ್ಯಾರಿಸ್‌ನದು. ಲಂಡನ್‌ನದು ಅಂದರೂ ಆದೀತು. 'ಜಿ', ಅಂದರೆ ಗುರುತ್ವ ವೇಗೋತ್ಕರ್ಷ, ಭೂಮಿಯ ಮೇಲೆ ಎಲ್ಲ ಕಡೆ ಒಂದೇ ಅಲ್ಲ. ಭೂಮಿ ತಿರುಗುತ್ತದೆ, ಸಮಭಾಜಕದ ಬಳಿ ಕೊಂಚ ಉಬ್ಬಿದೆ. ಹೀಗಾಗಿ ಅಲ್ಲಿ 'ಜಿ' ಸುಮಾರು 9.78, ಧ್ರುವಗಳಲ್ಲಿ 9.83. ಪುಸ್ತಕಗಳ 9.81 ಎಂಬುದು 1901ರಲ್ಲಿ ಅಂತರರಾಷ್ಟ್ರೀಯವಾಗಿ ಗೊತ್ತುಮಾಡಿಕೊಂಡ 9.80665 ಎಂಬ ಅಂಕಿಯ ಮೊಟಕು ರೂಪ. ಅದು ಹೆಚ್ಚುಕಡಿಮೆ 45 ಡಿಗ್ರಿ ಅಕ್ಷಾಂಶದ, ಸಮುದ್ರಮಟ್ಟದ ಬೆಲೆ. ನೀವಿರುವುದು 13 ಡಿಗ್ರಿಯಲ್ಲಿ, ಅದೂ ಬಯಲುಸೀಮೆಯ ಎತ್ತರದಲ್ಲಿ. ಬೀದರಿನಿಂದ ಚಾಮರಾಜನಗರದವರೆಗೆ ನಮ್ಮ ಯಾವ ಊರಿನಲ್ಲಿ ಅಳೆದರೂ, ಎರಡು ದಶಮಾಂಶ ಸ್ಥಾನಕ್ಕೆ ಬರಬೇಕಾದದ್ದು 9.78. ಅಂದರೆ ಇಡೀ ಲ್ಯಾಬಿನಲ್ಲಿ ಸರಿಯುತ್ತರಕ್ಕೆ ಹತ್ತಿರವಿದ್ದವರು ನೀವೊಬ್ಬರೇ ಇರಬಹುದು. ತಿದ್ದು ಎಂದು ಬುದ್ಧಿ ಹೇಳಿಸಿಕೊಂಡವರೂ ನೀವೇ.

ಹಾಗೆಂದು ಬೀಗಬೇಡಿ. ಬಾರ್ ಪೆಂಡುಲಮ್ ಎಂದರೆ ಸಾಲಾಗಿ ರಂಧ್ರಗಳಿರುವ, ತೂಗುವ ಲೋಹದ ಪಟ್ಟಿ; ಅದರ ಒಂದು ಆಂದೋಲನಕ್ಕೆ ಒಂದೂವರೆ ಸೆಕೆಂಡು ಚಿಲ್ಲರೆ, ಇಪ್ಪತ್ತಕ್ಕೆ ಸುಮಾರು 31 ಸೆಕೆಂಡು. ಸ್ಟಾಪ್‌ವಾಚ್ ಒತ್ತುವ ಬೆರಳು 0.2 ಸೆಕೆಂಡು ಹಿಂದೆ ಮುಂದೆ ಆಗುವುದು ಸಾಮಾನ್ಯ. ಅಷ್ಟು ಸಾಕು, ಆ ಒಂದು ರೀಡಿಂಗಿನಿಂದ ಬರುವ 'ಜಿ' 0.13ರಷ್ಟು ಅತ್ತಿತ್ತ ಆಗುತ್ತದೆ. ರಂಧ್ರದಿಂದ ರಂಧ್ರಕ್ಕೆ ನೈಫ್ ಎಡ್ಜ್ ಬದಲಿಸಿ ಹತ್ತಾರು ರೀಡಿಂಗ್ ತೆಗೆದು ಗ್ರಾಫ್ ಎಳೆದಾಗ ಈ ದೋಷ ಕುಗ್ಗುತ್ತದೆ, ನಿಜ. ಆದರೂ 9.78 ಮತ್ತು 9.81ರ ನಡುವಿನ 0.03ನ್ನು ಹಿಡಿಯುವಷ್ಟು ಕುಗ್ಗುವುದು ಕಷ್ಟ. ನಿಮ್ಮ 9.77ರ ಪಕ್ಕದಲ್ಲಿ ಹೆಚ್ಚುಕಡಿಮೆ 0.05 ಎಂದು ಬರೆದರೆ 9.81 ಕೂಡ ಅದರೊಳಗೇ ಬಂದು ಕೂರುತ್ತದೆ. ತಿದ್ದುವ ಅಗತ್ಯವೇ ಇರಲಿಲ್ಲ ನೋಡಿ.

ನಿಮ್ಮ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಪಿಯುಸಿಯಲ್ಲಿ ಕೇಳುವುದು 'ಜಿ' ಎಷ್ಟು ಎಂದು. ಡಿಗ್ರಿಯಲ್ಲಿ ಕೇಳುವುದು, ಅಥವಾ ಕೇಳಬೇಕಾದದ್ದು, ನಿಮ್ಮ 'ಜಿ'ಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು. ಉತ್ತರ ಮೊದಲೇ ಗೊತ್ತಿರುವ ಪ್ರಯೋಗವನ್ನು ಕೊಡುವುದು ಅದಕ್ಕೇ. ತಕ್ಕಡಿ ಸರಿಯಿದೆಯೇ ಎಂದು ನೋಡಲು ತೂಕ ಗೊತ್ತಿರುವ ಬಟ್ಟನ್ನೇ ಇಡುತ್ತೇವೆ ತಾನೆ? ಇಲ್ಲಿ ತಕ್ಕಡಿ ನೀವು.

ಪಿಯುಸಿಯ ಸರಳ ಲೋಲಕವನ್ನೇ ತೆಗೆದುಕೊಳ್ಳಿ. ದಾರ ಮಾತ್ರ ಅಳೆದು ಗುಂಡಿನ ತ್ರಿಜ್ಯ ಸೇರಿಸುವುದನ್ನು ಮರೆತರೆ, ಮೀಟರ್ ಉದ್ದದ ಲೋಲಕದಲ್ಲಿ ಒಂದು ಸೆಂಟಿಮೀಟರ್ ಹೋಯಿತು, 'ಜಿ' 9.68ಕ್ಕೆ ಇಳಿಯಿತು. ಗುಂಡನ್ನು ಹತ್ತು ಡಿಗ್ರಿ ಎಳೆದು ಬಿಟ್ಟರೆ ಆಂದೋಲನ ಕೊಂಚ ನಿಧಾನವಾಗಿ 9.78 ಇದ್ದದ್ದು 9.74 ಆಗುತ್ತದೆ. 'ಸಣ್ಣ ಕೋನ' ಎಂದು ಪುಸ್ತಕದಲ್ಲಿ ಬರೆದಿರುವುದು ಅಲಂಕಾರಕ್ಕಲ್ಲ. ಬಾರ್ ಪೆಂಡುಲಮ್ಮಿನಲ್ಲಿ ಗುಂಡೂ ಇಲ್ಲ, ದಾರವೂ ಇಲ್ಲ, ಸರಳ ಲೋಲಕಕ್ಕೆ ಸಮನಾದ ಉದ್ದವನ್ನು ಗ್ರಾಫಿನಿಂದಲೇ ಓದಿಕೊಳ್ಳುತ್ತೀರಿ. ಪಿಯುಸಿಯ ಒಂದು ತಪ್ಪಿಗೆ ಡಿಗ್ರಿಯಲ್ಲಿ ಕಂಡ ಮದ್ದು ಅದು. ಇಷ್ಟನ್ನು ಯಾರಾದರೂ ಮೊದಲ ದಿನವೇ ಹೇಳಿದ್ದರೆ ನೀವು ಈ ಪತ್ರ ಬರೆಯುತ್ತಿರಲಿಲ್ಲವೇನೋ.

ನಮ್ಮ ಕಾಲದಲ್ಲೂ ಯಾರೂ ಹೇಳಿರಲಿಲ್ಲ. ರೀಡಿಂಗ್ 'ಕುಕ್' ಮಾಡುವುದರಲ್ಲಿ ನಾನೂ ಪಳಗಿದವನೇ. 9.81ರಿಂದ ಶುರುಮಾಡಿ ಹಿಂದಕ್ಕೆ ಲೆಕ್ಕ ಹಾಕುತ್ತ ಬಂದು, ಆಂದೋಲನದ ಕಾಲಗಳನ್ನು ಟೇಬಲ್ಲಿನಲ್ಲಿ ತುಂಬಿಬಿಡುತ್ತಿದ್ದೆ. ಒಮ್ಮೆ ಗ್ರಾಫಿನಲ್ಲಿ ಚುಕ್ಕೆಗಳೆಲ್ಲ ಮಲ್ಲಿಗೆ ದಂಡೆಯ ಹಾಗೆ ಗೆರೆಯ ಮೇಲೇ ಕುಳಿತಿದ್ದವು. ಮೇಷ್ಟ್ರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, 'ಈ ವಾಚು ಎಲ್ಲಿ ಸಿಕ್ಕಿತಪ್ಪ? ನಮ್ಮ ಲ್ಯಾಬಿಗೂ ಒಂದು ತರಿಸೋಣ' ಎಂದರು. ಬೇರೇನೂ ಅನ್ನಲಿಲ್ಲ, ಸಹಿಯನ್ನೂ ಹಾಕಲಿಲ್ಲ.

ಬಂದ ಅಂಕಿಯನ್ನು ತಿದ್ದದೆ ಊರಿಗೆ ತಂದವನೊಬ್ಬನ ಕಥೆ ಹೇಳುತ್ತೇನೆ. 1672ರಲ್ಲಿ ಜ್ಯಾಂ ರಿಶೇ ಎಂಬ ಫ್ರೆಂಚ್ ಖಗೋಳಜ್ಞ ಮಂಗಳ ಗ್ರಹವನ್ನು ಗಮನಿಸಲು ದಕ್ಷಿಣ ಅಮೆರಿಕದ ಕಯೆನ್ ಎಂಬಲ್ಲಿಗೆ ಹೋದ. ಸಮಭಾಜಕದಿಂದ ಬರೀ ಐದು ಡಿಗ್ರಿ ದೂರದ ಊರು. ಪ್ಯಾರಿಸ್‌ನಲ್ಲಿ ಸರಿಯಾಗಿದ್ದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಸರಿಪಡಿಸಲು ಸುಮಾರು ಒಂದು ಮೀಟರ್ ಉದ್ದದ ಲೋಲಕವನ್ನು ಮೂರು ಮಿಲಿಮೀಟರಿಗೂ ತುಸು ಕಡಿಮೆ ಗಿಡ್ಡ ಮಾಡಬೇಕಾಯಿತು. ಪ್ಯಾರಿಸ್‌ನಲ್ಲಿ ಕೆಲವರು ಅವನ ಅಳತೆಯನ್ನೇ ಅನುಮಾನಿಸಿದರು. ಆದರೆ ನ್ಯೂಟನ್ 1687ರ 'ಪ್ರಿನ್ಸಿಪಿಯಾ'ದಲ್ಲಿ ಭೂಮಿ ಪೂರ್ತಿ ಗೋಳವಲ್ಲ, ಸಮಭಾಜಕದಲ್ಲಿ ಉಬ್ಬಿದೆ ಎಂದು ವಾದಿಸುವಾಗ ಆಧಾರಕ್ಕೆ ತೆಗೆದುಕೊಂಡದ್ದರಲ್ಲಿ ಈ ಮೂರು ಮಿಲಿಮೀಟರೂ ಇತ್ತು. ನಿಮ್ಮೂರಿನ 9.78ಕ್ಕೂ ಪಕ್ಕದ ಬೆಂಚಿನವರ 9.81ಕ್ಕೂ ಇರುವ ವ್ಯತ್ಯಾಸ, ಮೀಟರ್ ಉದ್ದದ ಲೋಲಕದಲ್ಲಿ ಎಷ್ಟು ಗೊತ್ತೇ? ಅದೇ ಮೂರು ಮಿಲಿಮೀಟರ್.

ನಮ್ಮ ರಾಜ್ಯದಲ್ಲಿ 2021ರಲ್ಲಿ ಡಿಗ್ರಿ ನಾಲ್ಕು ವರ್ಷದ್ದಾಯಿತು, 2024ರಲ್ಲಿ ಮತ್ತೆ ಮೂರಕ್ಕೆ ಬಂತು. ಇಷ್ಟೆಲ್ಲ ಅದಲುಬದಲಾದರೂ ಪೆಂಡುಲಮ್ ಮಾತ್ರ ಲ್ಯಾಬಿನಲ್ಲಿ ತೂಗುತ್ತಲೇ ಇದೆ. ದೂರುವುದಾದರೆ ನಾನು ಪ್ರಯೋಗವನ್ನು ದೂರುವುದಿಲ್ಲ. ಹತ್ತು ಅಂಕದ ರೆಕಾರ್ಡಿಗೆ ಒಂದು 'ಸರಿಯುತ್ತರ' ಇಟ್ಟುಕೊಂಡು ತಿದ್ದುವವರನ್ನು ದೂರುತ್ತೇನೆ.

ಈಗ ಮಾಡಬೇಕಾದದ್ದು ಇಷ್ಟು. ರೆಕಾರ್ಡಿನಲ್ಲಿ 9.77 ಎಂದೇ ಬರೆದು, ಪಕ್ಕದಲ್ಲಿ ದೋಷದ ಅಂದಾಜು ಹಾಕಿ. ವೈವಾದಲ್ಲಿ ಯಾಕೆ ಕಡಿಮೆ ಬಂತು ಎಂದು ಕೇಳಿದರೆ ಅಕ್ಷಾಂಶದಿಂದ ಶುರುಮಾಡಿ, ಬೆರಳಿನವರೆಗೆ ಬನ್ನಿ. ಬಿಡುವಿದ್ದರೆ ಹಾಸ್ಟೆಲಿನಲ್ಲೇ ದಾರಕ್ಕೊಂದು ನಟ್ಟು ಕಟ್ಟಿ, ಸರಿಯಾಗಿ ಒಂದು ಮೀಟರ್ ಇಟ್ಟು, ಐವತ್ತು ಆಂದೋಲನ ಎಣಿಸಿ. 9.78 ಆದರೆ 100.46 ಸೆಕೆಂಡು, 9.81 ಆದರೆ 100.30.

ಇನ್ನು ಕೆಲವು ವಾರದಲ್ಲಿ ಯಂಗ್ಸ್ ಮಾಡ್ಯುಲಸ್ ಪ್ರಯೋಗ ಬರಬಹುದು. ಮರದ ಮೀಟರ್ ಸ್ಕೇಲಿಗೆ ತೂಕ ನೇತುಹಾಕಿ, ಅದು ಎಷ್ಟು ಬಾಗಿತು ಎಂದು ಟ್ರಾವೆಲಿಂಗ್ ಮೈಕ್ರೋಸ್ಕೋಪಿನಲ್ಲಿ ನೋಡುವುದು. ಮರದಿಂದ ಮರಕ್ಕೆ ಬೆಲೆ ಬೇರೆ. ನಿಮ್ಮ ಲ್ಯಾಬಿನ ಆ ಸ್ಕೇಲಿನ ಉತ್ತರ ಯಾವ ಪುಸ್ತಕದಲ್ಲೂ ಅಚ್ಚಾಗಿಲ್ಲ. ಆಗ ಪಕ್ಕದ ಬೆಂಚಿನವರು ಏನು ಬರೆಯುತ್ತಾರೆ ನೋಡಿ, ನನಗೂ ಒಂದು ಕಾರ್ಡು ಹಾಕಿ.